ಬದುವಿನಿಂದ ಶುರು ಮಾಡಿ: ಹೊಲದ ಗಾಳಿ ಸಾಲ ಬರೆಯುವುದು ಹೇಗೆ, ತೀರಿಸುವುದು ಹೇಗೆ

ನಮ್ಮೂರ ಹಾಲಿನ ಡೈರಿಯಲ್ಲಿ 11 ವರ್ಷ ಲೆಕ್ಕ ಬರೆದವಳು ನಾನು. ಬೆಳಗ್ಗೆ ಇಷ್ಟು ಲೀಟರು, ಸಂಜೆ ಇಷ್ಟು, ಫ್ಯಾಟು ಇಷ್ಟು, ಬಟವಾಡೆ ಇಷ್ಟು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಯಾರಾದರೂ ಬಂದು "ಇದು ಭೂಮಿಗೆ ತುಂಬ ಒಳ್ಳೇದು" ಅಂದರೆ ನಾನು ಕೇಳುವುದು ಒಂದೇ ಮಾತು, "ಎಷ್ಟು?"

2016ರ ಸಂಕ್ರಾಂತಿಗೆ ಮೈದುನನ ಮಗ ಬೆಂಗಳೂರಿನಿಂದ ಬಂದಿದ್ದ. ಕೃಷಿ ಓದುತ್ತಿದ್ದ ಹುಡುಗ. ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, "ದೊಡ್ಡಮ್ಮ, ನಮ್ಮ ಹೊಲ ಗಾಳಿಗೆ ಎಷ್ಟು ಹೊಗೆ ಬಿಡುತ್ತೆ, ಎಷ್ಟು ವಾಪಸ್ ಎಳ್ಕೊಳ್ಳುತ್ತೆ, ಎರಡೂ ಸಮ ಆಗುತ್ತಾ?" ಅಂದ. ನಾನು ನಕ್ಕೆ. ಹೊಲ ಹೊಗೆ ಬಿಡೋಕೆ ಅದೇನು ಫ್ಯಾಕ್ಟರಿನಾ? ಅವನು ಡೈರಿಯ ಹಳೇ ಪುಸ್ತಕದ ಹಿಂದಿನ ಹಾಳೆ ತೆಗೆದು ಲೆಕ್ಕ ಹಾಕಿ ತೋರಿಸಿದ. ಕೊನೆಗೆ ಬಂದ ಮೊತ್ತ ನೋಡಿ ನನ್ನ ನಗು ನಿಂತಿತು.

ಆವತ್ತಿನಿಂದ ಆ ಪುಸ್ತಕ ನಿಲ್ಲಿಸಿಲ್ಲ. ಅದರಲ್ಲಿ ಕಲಿತದ್ದನ್ನು, ಎಡವಿದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಹೊಲ ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರು ಕಡೆ. 3 ಎಕರೆ ಕೆಂಪು ಮಣ್ಣಿನ ಖುಷ್ಕಿ, ಒಂದೂವರೆ ಎಕರೆ ತೆಂಗಿನ ತೋಟ, ಒಂದು ಬೋರ್‌ವೆಲ್. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ. ನಿಮ್ಮದು ಮಲೆನಾಡಿನ ಅಡಿಕೆ ಆಗಿದ್ದರೆ, ಗಂಗಾವತಿ ಕಡೆಯ ಭತ್ತ ಆಗಿದ್ದರೆ ನನ್ನ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಹುಟ್ಟುತ್ತದೆ, ಅದಕ್ಕೆ ಬೇರೆ ಸಾಲು ಬರೆಯಬೇಕು. ರಾಗಿಗೆ ಆ ಖರ್ಚಿಲ್ಲ. ಲೆಕ್ಕ ಬರೆಯುವ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಮೊದಲು ಪುಸ್ತಕ, ಆಮೇಲೆ ಗುದ್ದಲಿ

200 ಪುಟದ ನೋಟ್‌ಬುಕ್ ಸಾಕು. ಎಡಗಡೆ ಖರ್ಚು, ಬಲಗಡೆ ಜಮಾ. ಖರ್ಚು ಅಂದರೆ ಒಂದು ವರ್ಷದಲ್ಲಿ ನಿಮ್ಮ ಹೊಲದಿಂದ ಗಾಳಿಗೆ ಹೋದದ್ದು. ಜಮಾ ಅಂದರೆ ಗಾಳಿಯಿಂದ ಮರಕ್ಕೆ, ಮಣ್ಣಿಗೆ ಬಂದು ಕೂತದ್ದು. ಎಲ್ಲವನ್ನೂ ಕಾರ್ಬನ್ ಡೈಆಕ್ಸೈಡ್‌ನ ಕೆಜಿ ಲೆಕ್ಕಕ್ಕೆ ತಂದು ಬರೆಯಬೇಕು. ಡೈರಿಯಲ್ಲಿ ಎಮ್ಮೆ ಹಾಲು, ಹಸುವಿನ ಹಾಲು ಎರಡನ್ನೂ ಫ್ಯಾಟಿಗೆ ಇಳಿಸುತ್ತಿದ್ದೆವಲ್ಲ, ಹಾಗೆ.

ಯೂರಿಯಾದಿಂದ ಶುರು ಮಾಡೋಣ. ಒಂದು ಚೀಲ 45 ಕೆಜಿ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ ಹೆಚ್ಚುಕಡಿಮೆ 21 ಕೆಜಿ. ಮಣ್ಣಿಗೆ ಬಿದ್ದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಅನಿಲವಾಗಿ ಹಾರಿಹೋಗುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಒಂದು ಪಾಲು ತಾನೇ ಅನ್ನಬೇಡಿ. ಆ ಅನಿಲದ ಒಂದು ಕೆಜಿ, ನೂರು ವರ್ಷದ ಲೆಕ್ಕದಲ್ಲಿ 273 ಕೆಜಿ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಮಾಡುತ್ತದೆ. ಜೊತೆಗೆ ಯೂರಿಯಾ ಮಣ್ಣಲ್ಲಿ ಕರಗುವಾಗ ತನ್ನೊಳಗಿನ ಇಂಗಾಲವನ್ನೂ ಬಿಡುತ್ತದೆ. ಎರಡೂ ಸೇರಿ ಚೀಲಕ್ಕೆ 120 ಕೆಜಿ ಆಯಿತು. ಕಾರ್ಖಾನೆಯಲ್ಲಿ ಅದನ್ನು ಮಾಡುವಾಗ ಆದ ಹೊಗೆ ಇದರಲ್ಲಿ ಸೇರಿಲ್ಲ.

ಡೀಸೆಲ್ ಸುಲಭ. ಒಂದು ಲೀಟರ್ ಉರಿದರೆ 2.7 ಕೆಜಿ. ಟ್ರ್ಯಾಕ್ಟರ್ ಬಾಡಿಗೆಯದಾದರೂ ಹೊಲ ನಿಮ್ಮದೇ ತಾನೇ, ನಿಮ್ಮ ಪುಸ್ತಕಕ್ಕೇ ಬರೆಯಿರಿ.

ಕರೆಂಟ್ ಸಾಲನ್ನು ಎಲ್ಲರೂ ಮರೆಯುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಪುಕ್ಕಟೆ, ಬಿಲ್ ಇಲ್ಲದ್ದು ಯಾರ ನೆನಪಿಗೂ ಬರುವುದಿಲ್ಲ. 5 ಎಚ್‌ಪಿ ಮೋಟಾರು ಗಂಟೆಗೆ 3.7 ಯೂನಿಟ್ ಎಳೆಯುತ್ತದೆ. ನಮ್ಮ ದೇಶದ ಕರೆಂಟ್ ಜಾಸ್ತಿ ಕಲ್ಲಿದ್ದಲಿನದು. ಯೂನಿಟ್ಟಿಗೆ 0.7 ಕೆಜಿ ಅಂತ ಹಿಡಿಯಿರಿ. ದಿನಕ್ಕೆ 3 ಗಂಟೆ, ವರ್ಷಕ್ಕೆ 200 ದಿನ ಓಡಿಸಿದರೆ ಒಂದೂವರೆ ಟನ್ ದಾಟುತ್ತದೆ.

ಕೊನೆಗೆ ಹಸು. ಈ ಸಾಲು ಬರೆಯುವಾಗ ನನ್ನ ಕೈ ತಡೆಯಿತು. ಹಸು ಮೆಲುಕು ಹಾಕುವಾಗ ತೇಗಿನಲ್ಲಿ ಮೀಥೇನ್ ಬರುತ್ತದೆ. ಹವಾಮಾನ ಬದಲಾವಣೆ ನೋಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2006ರ ಕೈಪಿಡಿಯಲ್ಲಿ ನಮ್ಮ ಕಡೆಯ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕೆಜಿ ಮೀಥೇನ್ ಅಂತ ಸರಾಸರಿ ಕೊಟ್ಟಿದ್ದಾರೆ. ಮೀಥೇನ್ ಕಾರ್ಬನ್ ಡೈಆಕ್ಸೈಡ್‌ನ 27 ಪಟ್ಟು ಬಿಸಿ ಮಾಡುತ್ತದೆ. ಅಲ್ಲಿಗೆ ಒಂದು ಹಸುವಿಗೆ 1,560 ಕೆಜಿ. ನಮ್ಮದು ಆಗ ಎರಡು ಹಸು.

2016ರ ನನ್ನ ಎಡಗಡೆ ಪುಟ ಹೀಗಿತ್ತು: ಯೂರಿಯಾ 5 ಚೀಲ, 600. ಡೀಸೆಲ್ 55 ಲೀಟರ್, 150. ಕರೆಂಟ್ 1,540. ಹಸು 3,120. ಒಟ್ಟು 5,410 ಕೆಜಿ. ಬಲಗಡೆ ಪುಟ ಖಾಲಿ. ಬದುವಿನಲ್ಲಿ ಎರಡು ಹುಣಸೆ ಮರ, ಒಂದು ಬೇವು ಇದ್ದವು, ಮೂರೂ ಬೆಳೆದು ಮುಗಿದವು.

ಪುಸ್ತಕ ಬರೆಯದೆ ಶುರು ಮಾಡಿದವರು ಸಾಮಾನ್ಯವಾಗಿ ಮಾಡುವ ತಪ್ಪು ಏನು ಗೊತ್ತಾ? ಇರೋ ಶ್ರಮವನ್ನೆಲ್ಲ ಚಿಕ್ಕ ಸಾಲಿಗೆ ಸುರಿಯುತ್ತಾರೆ. ಡೀಸೆಲ್ ಉಳಿಸೋಕೆ ಒದ್ದಾಡುತ್ತಾರೆ, ಮೋಟಾರು ಮಾತ್ರ ಕರೆಂಟ್ ಬಂದಾಗೆಲ್ಲ ತಾನೇ ಶುರು ಮಾಡುವ ಆಟೋ ಸ್ಟಾರ್ಟರ್‌ನಲ್ಲಿ ಸುಮ್ನೆ ಓಡುತ್ತಲೇ ಇರುತ್ತದೆ.

ಬದು

ನನ್ನ ಕೇಳಿದರೆ ಹೊಲದ ಮಧ್ಯೆ ಏನನ್ನೂ ಮುಟ್ಟಬೇಡಿ ಮೊದಲ ವರ್ಷ. ಬದುವಿಗೆ ಹೋಗಿ. ಬದುವಿನಲ್ಲಿ ತಪ್ಪು ಮಾಡಿದರೆ ಊಟಕ್ಕೆ ತೊಂದರೆ ಇಲ್ಲ. ಅಲ್ಲದೆ 3 ಎಕರೆಯ ಸುತ್ತ, ನಡುವಿನ ತೆವರಿಗಳನ್ನೂ ಸೇರಿಸಿ ಅಳೆದರೆ ನಮಗೆ 500 ಮೀಟರ್‌ಗೂ ಜಾಸ್ತಿ ಬದು ಸಿಕ್ಕಿತು. ಅಷ್ಟು ಜಾಗ ಸುಮ್ನೆ ಬಿದ್ದಿತ್ತು. ವರ್ಷಕ್ಕೊಮ್ಮೆ ಅದಕ್ಕೆ ಬೆಂಕಿ ಇಡುತ್ತಿದ್ದೆವು, ಹಾವು ಸೇರುತ್ತೆ ಅಂತ.

ಒಂದು ಮಿಲಿಮೀಟರ್ ಮಳೆ ಒಂದು ಎಕರೆಗೆ ಬಿದ್ದರೆ 4,000 ಲೀಟರ್ ನೀರು. 600 ಮಿಲಿಮೀಟರ್ ಅಂದರೆ ಎಕರೆಗೆ 24 ಲಕ್ಷ ಲೀಟರ್. ನಮ್ಮ ಕಡೆ ಮಳೆ ಕಮ್ಮಿ ಅಂತ ಗೋಳಾಡುತ್ತೇವೆ, ಬಿದ್ದದ್ದರಲ್ಲಿ ಹಳ್ಳಕ್ಕೆ ಹೋಗುವುದನ್ನು ಯಾರು ನೋಡುತ್ತಾರೆ? ಮೇಲ್ಮಣ್ಣೂ ಅದರ ಜೊತೆಗೇ ಹೋಗುತ್ತದೆ.

ಹಾಗಾಗಿ ಗಿಡಕ್ಕಿಂತ ಮೊದಲು ಟ್ರೆಂಚು. ಇಳಿಜಾರಿಗೆ ಅಡ್ಡ, ಸಮಪಾತಳಿಯಲ್ಲಿ ತೋಡಬೇಕು. ಮಟ್ಟ ನೋಡುವುದಕ್ಕೆ ಇಂಜಿನಿಯರ್ ಬೇಡ. ಒಂದೇ ಉದ್ದದ ಎರಡು ಬಿದಿರು ಗಳ ತಲೆ ಕಟ್ಟಿ ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಕಟ್ಟಿ, ತಲೆಯಿಂದ ದಾರಕ್ಕೆ ಕಲ್ಲು ಇಳಿಬಿಡಿ. ಸಮನಾದ ನೆಲದಲ್ಲಿ ನಿಲ್ಲಿಸಿ ದಾರ ಅಡ್ಡಪಟ್ಟಿಯ ಮೇಲೆ ಎಲ್ಲಿ ಬರುತ್ತದೋ ಅಲ್ಲಿ ಗುರುತು ಹಾಕಿ. ಹೊಲದಲ್ಲಿ ಎರಡು ಕಾಲು ಊರಿದಾಗ ದಾರ ಆ ಗುರುತಿಗೆ ಬಂದರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ. ಒಂದು ಕಾಲನ್ನು ಅಲ್ಲೇ ಇಟ್ಟು ಇನ್ನೊಂದನ್ನು ತಿರುಗಿಸುತ್ತಾ ಹೋಗಿ, ಹೆಜ್ಜೆಗೊಂದು ಸುಣ್ಣದ ಗುರುತು.

ನಾವು ಎರಡು ಅಡಿ ಅಗಲ, ಒಂದೂವರೆ ಅಡಿ ಆಳ ತೋಡಿಸಿದೆವು, ನರೇಗಾ ಕೆಲಸದಲ್ಲಿ. ಮಣ್ಣನ್ನು ಇಳಿಜಾರಿನ ಕೆಳಮಗ್ಗುಲಿಗೆ ಹಾಕಿ ಬದು ಏರಿಸಿದೆವು. ಟ್ರೆಂಚನ್ನು ಉದ್ದಕ್ಕೂ ಒಂದೇ ಕಾಲುವೆ ಮಾಡಬೇಡಿ. ಹತ್ತು ಅಡಿಗೊಮ್ಮೆ ಒಂದಡಿ ಮಣ್ಣು ತೋಡದೆ ಬಿಟ್ಟರೆ ನೀರು ಓಡುವುದಿಲ್ಲ, ನಿಂತಲ್ಲೇ ಇಂಗುತ್ತದೆ. ಒಂದು ಕೋಡಿ ಬಿಡುವುದನ್ನು ಮಾತ್ರ ಮರೆಯಬೇಡಿ. ನಾನು ಮರೆತೆ. 2022ರಲ್ಲಿ ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ, ನಮ್ಮ ಮೇಲಿನ ಬದು ಒಡೆದು ಕೆಳಗಿನದ್ದನ್ನೂ ಎಳೆದುಕೊಂಡು ಹೋಯಿತು. ಆಮೇಲೆ ಮೂಲೆಯಲ್ಲಿ ಕಲ್ಲು ಜೋಡಿಸಿ ಹೆಚ್ಚುವರಿ ನೀರಿಗೆ ದಾರಿ ಬಿಟ್ಟೆವು.

ಇನ್ನು ಗಿಡ. ಯಾವ ದಿಕ್ಕಿಗೆ ಯಾವುದು ಅನ್ನುವುದರ ಮೇಲೆ ಪಕ್ಕದ ಹೊಲದವರ ಜೊತೆ ಮಾತುಕತೆ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ನಮ್ಮ ಕಡೆ ಆಗಸ್ಟ್ ಮಧ್ಯಕ್ಕೆ ಸೂರ್ಯ ನೆತ್ತಿ ದಾಟಿ ದಕ್ಷಿಣಕ್ಕೆ ಹೋಗುತ್ತಾನೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ನೆರಳು ಉತ್ತರಕ್ಕೆ ಬೀಳುತ್ತದೆ. ಅಂದರೆ ದಕ್ಷಿಣದ ಬದುವಿನ ಮರ ನಿಮ್ಮ ರಾಗಿಗೇ ನೆರಳು ಹಾಕುತ್ತದೆ, ಉತ್ತರದ ಬದುವಿನದು ಪಕ್ಕದವರಿಗೆ. ನಮಗೆ ಉತ್ತರಕ್ಕೆ ಹಳ್ಳ ಇದೆ, ಅದೃಷ್ಟ. ಅಲ್ಲಿ ಹೊಂಗೆ, ಬೇವು, ನೇರಳೆ, ಎರಡು ಹಿಪ್ಪೆ. ದಕ್ಷಿಣಕ್ಕೆ ಎತ್ತರ ಹೋಗದ್ದು: ಸೀತಾಫಲ, ನುಗ್ಗೆ, ತಂಗಡಿ, ಲಕ್ಕಿ. ಪೂರ್ವ ಪಶ್ಚಿಮಕ್ಕೆ ಗೊಬ್ಬರದ ಗಿಡ, ಅದೇ ಗ್ಲಿರಿಸೀಡಿಯಾ. ಅದನ್ನು ಎಷ್ಟು ಕಡಿದರೂ ಚಿಗುರುತ್ತದೆ. ಬಿತ್ತನೆಗೆ ಮುಂಚೆ ಸವರಿ ಸೊಪ್ಪನ್ನು ಹೊಲಕ್ಕೇ ಹಾಕಿದರೆ ನೆರಳೂ ಹೋಯಿತು, ಗೊಬ್ಬರವೂ ಆಯಿತು.

ಮೊದಲ ಸಲ ನಾನು 60 ಸಸಿ ದುಡ್ಡು ಕೊಟ್ಟು ತಂದೆ. ಬೇರು ಕವರಿನೊಳಗೇ ಸುತ್ತಿಕೊಂಡು ಗಂಟಾಗಿತ್ತು, ನೋಡಿ ತರಬೇಕಿತ್ತು. ಅರ್ಧ ಬೇಸಗೆಗೇ ಒಣಗಿದವು, ಉಳಿದದ್ದರಲ್ಲಿ ಒಂದಷ್ಟನ್ನು ಮೇಕೆ ಮೇಯ್ದವು. ಈಗ ಬೀಜ ನಾವೇ ಹಾಕುತ್ತೇವೆ. ಹೊರಗಡೆ ಸಾಲಿಗೆ ಮೊದಲು ಕತ್ತಾಳೆ ಊರಿ, ಅದು ಬೇಲಿ ಆದಮೇಲೆ ಒಳಗಡೆ ಸಸಿ. ಮೇಕೆಗೆ ಬೈದು ಪ್ರಯೋಜನ ಇಲ್ಲ.

ಜಮಾ ಹೇಗೆ ಬರೆಯುವುದು? ಒಣ ಕಟ್ಟಿಗೆಯ ತೂಕದಲ್ಲಿ ಅರ್ಧ ಇಂಗಾಲ. ಒಂದು ಕೆಜಿ ಒಣ ಕಟ್ಟಿಗೆ ಬೆಳೆದರೆ ಗಾಳಿಯಿಂದ 1.8 ಕೆಜಿ ಕಾರ್ಬನ್ ಡೈಆಕ್ಸೈಡ್ ಇಳಿದ ಹಾಗೆ. ನಮ್ಮ ಒಣ ನೆಲದ ಎಳೇ ಮರ ವರ್ಷಕ್ಕೆ ಬೇರು ಸೇರಿ 5 ಕೆಜಿ ಕೂಡಿಕೊಳ್ಳುತ್ತದೆ ಅಂತ ನಾನು ಕೈಬಿಗಿದು ಹಿಡಿದಿದ್ದೇನೆ. ಅಂದರೆ ಮರಕ್ಕೆ 9 ಕೆಜಿ. ಕಡಿದು ಒಲೆಗೆ ಹಾಕಿದ ದಿನ ಆ ಜಮಾ ಹೊಡೆದು ಹಾಕಿ, ಖರ್ಚಿಗೆ ಬರೆಯಿರಿ. ಈ ವಿಷಯದಲ್ಲಿ ನಿಮಗೆ ನೀವೇ ಮೋಸ ಮಾಡಿಕೊಳ್ಳುವುದು ತುಂಬ ಸುಲಭ.

ಅಕ್ಕಡಿ ಸಾಲು ವಾಪಸ್ ತರುವುದು

ಎರಡನೇ ವರ್ಷ ಹೊಲದೊಳಗೆ ಬನ್ನಿ. ನಾವು ಸೊಸೆಯಾಗಿ ಬಂದ ಕಾಲಕ್ಕೆ ಬರೀ ರಾಗಿ ಬಿತ್ತುವವರನ್ನು ಜನ ವಿಚಿತ್ರವಾಗಿ ನೋಡುತ್ತಿದ್ದರು. ಕೂರಿಗೆ ಹಿಂದೆ ಬೀಜ ಬಿಡುವ ಸಡ್ಡೆ ಹಿಡಿದುಕೊಂಡು ಅತ್ತೆ ಅಕ್ಕಡಿ, ಅಂದರೆ ರಾಗಿ ನಡುವೆ ಬೇರೆ ಬೆಳೆಗಳ ಸಾಲು, ಬಿಡುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಅಂಚಿಗೆ ಜೋಳ, ಹರಳು. ಟ್ರ್ಯಾಕ್ಟರ್ ಬಂತು, ಕಳೆನಾಶಕ ಬಂತು, ಅಕ್ಕಡಿ ಹೋಯಿತು. ಕಳೆನಾಶಕ ಹೊಡೆದರೆ ಅವರೆಯೂ ಸಾಯುತ್ತದೆ, ಬೆರಕೆ ಸೊಪ್ಪೂ ಸಾಯುತ್ತದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು ಇಲ್ಲದ ಬಸ್ಸಾರು ಬಸ್ಸಾರೇ ಅಲ್ಲ ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ.

ನಮ್ಮ ಈಗಿನ ಕ್ರಮ ಹೀಗಿದೆ. ಏಪ್ರಿಲ್ ಕೊನೆಯ ಭರಣಿ ಮಳೆಗೆ ಹೆಸರು ಬಿತ್ತುತ್ತೇವೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರಲ್ಲ. ಜುಲೈ ಹೊತ್ತಿಗೆ ಕಾಯಿ ಬಿಡಿಸಿಕೊಂಡು, ಗಿಡವನ್ನು ಕಿತ್ತು ಸುಡದೆ ಅಲ್ಲೇ ಮಣ್ಣಿಗೆ ಉತ್ತುಬಿಡುತ್ತೇವೆ. ಜುಲೈ ಕೊನೆಯ ಪುಷ್ಯ ಮಳೆಗೆ ರಾಗಿ. ಎಕರೆಗೆ 4 ರಿಂದ 5 ಕೆಜಿ ಬೀಜ. ನಾವು ಹಾಕುವುದು ಜಿಪಿಯು 28 ತಳಿ, ಬೆಂಕಿರೋಗ ತಡೆಯುತ್ತದೆ. 8 ಸಾಲು ರಾಗಿಗೆ ಒಂದು ಸಾಲು ಅವರೆ, ಇನ್ನೊಂದು ಕಡೆ 8 ಸಾಲಿಗೆ 2 ಸಾಲು ತೊಗರಿ. ಹುಚ್ಚೆಳ್ಳನ್ನು ಅಂಚಿಗೆ ಬಿಡುತ್ತೇವೆ, ಹೊಲದೊಳಗೆ ಬಿಟ್ಟರೆ ರಾಗಿಯ ಮೇಲೆ ಬೀಳುತ್ತದೆ.

ಅವರೆ ಬೀಜದಲ್ಲಿ ಒಂದು ಎಚ್ಚರ. ವರ್ಷವಿಡೀ ಬರುವ ಹೊಸ ಗಿಡ್ಡ ತಳಿ ಬೇಡ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವುದು. ಜುಲೈನಲ್ಲಿ ಬಿತ್ತಿದರೂ ಸುಮ್ನೆ ಕಾಯುತ್ತದೆ. ನವೆಂಬರ್‌ನಲ್ಲಿ ರಾಗಿ ಕೊಯ್ದ ಮೇಲೆ ಹೊಲ ಅದರದು. ಇಬ್ಬನಿ ಕುಡಿದು ಹಬ್ಬಿ, ಸಂಕ್ರಾಂತಿ ಹೊತ್ತಿಗೆ ಸೊನೆ ವಾಸನೆಯ ಕಾಯಿ ಕೊಡುತ್ತದೆ. ಇದರಿಂದ ಊಟದ ರುಚಿಗಿಂತ ದೊಡ್ಡ ಲಾಭವೊಂದಿದೆ. ಏಪ್ರಿಲ್‌ನಿಂದ ಜನವರಿವರೆಗೆ ಹೊಲದಲ್ಲಿ ಯಾವುದಾದರೂ ಒಂದು ಬೇರು ಬದುಕಿರುತ್ತದೆ. ಬರೀ ರಾಗಿ ಇದ್ದಾಗ ನಾಲ್ಕು ತಿಂಗಳು ಬೆಳೆ, ಎಂಟು ತಿಂಗಳು ಬೋಳು. ಬೋಳು ನೆಲದಲ್ಲಿ ಮಣ್ಣಿನ ಇಂಗಾಲ ಉಳಿಯುವುದಿಲ್ಲ.

2023ರ ಬರದಲ್ಲಿ ರಾಗಿ ಕಾಳೇ ಕಟ್ಟಲಿಲ್ಲ, ಹುಲ್ಲಿಗಷ್ಟೇ ಆಯಿತು. ತೊಗರಿ ಬೇರು ಆಳ ಇಳಿದಿತ್ತು, ಮನೆ ಬೇಳೆಗೆ ಮೋಸ ಆಗಲಿಲ್ಲ.

ಬೀಜ ಸಿಗುವುದೇ ಕಷ್ಟ ಇದರಲ್ಲಿ. ಅಂಗಡಿಯಲ್ಲಿ ನಾಟಿ ಅವರೆ ಬೀಜ ಕೇಳಬೇಡಿ. ಊರಿನ ವಯಸ್ಸಾದ ಹೆಂಗಸರನ್ನು ಕೇಳಿ. ನನಗೆ ಸಿಕ್ಕಿದ್ದು ತವರಿನ ಅತ್ತಿಗೆಯ ಗುಡಾಣದಲ್ಲಿ, ಬೂದಿ ಬೆರೆಸಿಟ್ಟ ಎರಡು ಸೇರು.

ಯೂರಿಯಾ ಒಂದೇ ಸಲ ಬಿಡಬೇಡಿ

ಇದು ನಾನು ಕೈ ಸುಟ್ಟುಕೊಂಡ ಭಾಗ. 2017ರಲ್ಲಿ ಹುರುಪಿನಲ್ಲಿ ಯೂರಿಯಾ ಪೂರ್ತಿ ನಿಲ್ಲಿಸಿ ಜೀವಾಮೃತಕ್ಕೆ ಬಂದೆ. 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಎರಡು ದಿನ ಕಲಕಿದೆ. ಎಲ್ಲ ಹೇಳಿದ ಹಾಗೇ ಮಾಡಿದೆ. ಎಕರೆಗೆ 9 ಕ್ವಿಂಟಲ್ ಬರುತ್ತಿದ್ದ ರಾಗಿ 5ಕ್ಕೆ ಇಳಿಯಿತು. ಯಜಮಾನರು ಒಂದು ಮಾತೂ ಬೈಯಲಿಲ್ಲ, ಅದಕ್ಕೇ ಜಾಸ್ತಿ ಬೇಜಾರಾಯಿತು.

ಆಮೇಲೆ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಖುಷ್ಕಿ ರಾಗಿಗೆ ಶಿಫಾರಸು ಇರುವುದು ಹೆಕ್ಟೇರಿಗೆ 50 ಕೆಜಿ ಸಾರಜನಕ, ಎಕರೆಗೆ 20 ಕೆಜಿ, ಅಂದರೆ ಒಂದು ಚೀಲ ಯೂರಿಯಾದಷ್ಟು. 10 ಕೆಜಿ ಹಸಿ ಸಗಣಿಯಲ್ಲಿ ಇರುವ ಸಾರಜನಕ ಒಂದು ಹಿಡಿಯೂ ಆಗುವುದಿಲ್ಲ. ಜೀವಾಮೃತ ಮೊಸರಿನ ಹೆಪ್ಪು ಇದ್ದ ಹಾಗೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಏನು ಬರುತ್ತದೆ?

ಹಾಲು ಅಂದರೆ ಇಲ್ಲಿ ಸಾವಯವ ಪದಾರ್ಥ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಟನ್ನಿಗೆ 5 ಕೆಜಿ ಸಾರಜನಕ, ಅದೂ ಮೊದಲ ವರ್ಷವೇ ಎಲ್ಲಾ ಸಿಗುವುದಿಲ್ಲ. ಎಕರೆಗೆ 3 ಟನ್ ಹಾಕಿ, ಹೆಸರು ಗಿಡ ಉತ್ತು, ಗೊಬ್ಬರದ ಗಿಡದ ಸೊಪ್ಪು ಹಾಕಿದರೆ ಮೂರನೇ ವರ್ಷಕ್ಕೆ ಆ 20 ಕೆಜಿಯ ಹತ್ತಿರ ಬರುತ್ತೀರಿ. ಹಾಗಾಗಿ ಮೊದಲ ವರ್ಷ ಮುಕ್ಕಾಲು ಚೀಲ, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಕಾಲು. ಹಾಕುವಾಗಲೂ ಬಿತ್ತನೆಗೆ ಎರಚದೆ, ತೆಂಡೆ ಒಡೆಯುವ ಹೊತ್ತಿಗೆ, ಮಣ್ಣು ಹಸಿ ಇದ್ದಾಗ, ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆಯಿರಿ. ನೀರು ನಿಂತ ಹೊಲಕ್ಕೆ ಎರಚಿದರೆ ನೈಟ್ರಸ್ ಆಕ್ಸೈಡ್ ಜಾಸ್ತಿ.

ನಮ್ಮ ರಾಗಿ ಈಗ ಎಕರೆಗೆ 8 ಕ್ವಿಂಟಲ್, ಜೊತೆಗೆ ಅವರೆ, ತೊಗರಿ, ಹೆಸರು. ರಾಗಿ ಒಂದನ್ನೇ ತೂಗಿದರೆ ನಾನು ಸೋತಿದ್ದೇನೆ. ಕಣಕ್ಕೆ ಬಂದದ್ದನ್ನೆಲ್ಲ ತೂಗಿದರೆ ಸೋತಿಲ್ಲ.

ತಿಪ್ಪೆ, ಹಸು

ತಿಪ್ಪೆ ಅಂದರೆ ಮನೆ ಹಿಂದೆ ಮಳೆಯಲ್ಲಿ ನೆನೆಯುವ ಗುಡ್ಡೆ ಅಂತ ಆಗಿಬಿಟ್ಟಿದೆ. ನೆನೆದು ಕೊಚ್ಚೆಯಾದ ಸಗಣಿಯಿಂದ ಮೀಥೇನ್ ಬರುತ್ತದೆ, ಸಾರವೆಲ್ಲ ಚರಂಡಿಗೆ ಹೋಗುತ್ತದೆ. ಎತ್ತರದ ಜಾಗಕ್ಕೆ ಬದಲಾಯಿಸಿ, ಮರದ ನೆರಳಲ್ಲಿ. ಒಂದು ಪದರ ಸಗಣಿ, ಒಂದು ಪದರ ಒಣ ಕಸ, ನಡುವೆ ಎರಡು ಬುಟ್ಟಿ ಮಣ್ಣು. ಮೇಲೆ ತೆಂಗಿನ ಗರಿ ಮುಚ್ಚಿ. ತಿಂಗಳಿಗೊಮ್ಮೆ ತಿರುವಿ ಹಾಕಿ. ಕೈಗೆ ತಗೊಂಡು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ವಾಸನೆ ಬಂತು ಅಂದರೆ ಒಣ ಕಸ ಕಮ್ಮಿಯಾಗಿದೆ.

ಗೋಬರ್ ಗ್ಯಾಸ್ ಮಾಡುವುದಾದರೆ ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ 25 ಕೆಜಿ ಸಗಣಿ ಬೇಕು. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದವರು 1980ರ ದಶಕದಲ್ಲೇ ಊರಿನ ಸಗಣಿಯಿಂದ ಕರೆಂಟ್ ತೆಗೆದು ನೀರು, ದೀಪ ಕೊಟ್ಟಿದ್ದರು. ನಮ್ಮ ಮನೆಗೆ ಆಗಲಿಲ್ಲ. ಎರಡು ಜಾನುವಾರಿನ ಸಗಣಿ ಎಟುಕುವುದಿಲ್ಲ, ಬೇಸಗೆಯಲ್ಲಂತೂ ಇಲ್ಲವೇ ಇಲ್ಲ.

ಹಸುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ಹಸು ಬೇಕು, ಗೊಬ್ಬರಕ್ಕಾದರೂ ಬೇಕು. ಆದರೆ ಹಾಲೂ ಕೊಡದೆ, ಉಳುಮೆಗೂ ಇಲ್ಲದೆ ಕಟ್ಟಿಕೊಂಡ ಹಸುವೂ ಮೀಥೇನ್ ಬಿಡುತ್ತದೆ. ಗಬ್ಬ ನಿಲ್ಲದ ತಿಂಗಳುಗಳನ್ನು ಕಮ್ಮಿ ಮಾಡಿ, ಡಾಕ್ಟರಿಗೆ ಸರಿಯಾದ ದಿನಕ್ಕೆ ಹೇಳಿ. ಬರೀ ರಾಗಿ ಹುಲ್ಲು ಹಾಕಿದರೆ ಅರಗುವುದು ನಿಧಾನ, ತೇಗು ಜಾಸ್ತಿ. ಹುಲ್ಲನ್ನು ಕತ್ತರಿಸಿ, ಅವರೆ ಸಿಪ್ಪೆ, ಅಲಸಂದೆ ಬಳ್ಳಿ ಬೆರೆಸಿ ಕೊಡಿ. ನಮ್ಮ ಎರಡನೇ ಹಸು ಸತ್ತಮೇಲೆ ಮತ್ತೆ ತರಲಿಲ್ಲ.

ತೋಟದ ಕೆಲಸ ಚಿಕ್ಕದು

ಗರಿ ಸುಡಬೇಡಿ. ಕತ್ತರಿಸಿ ಬುಡದ ಪಾತಿಗೆ ಹೊದಿಸಿ. ಮಟ್ಟೆಯನ್ನು ಮರದ ಸಾಲಿನ ನಡುವೆ ಗುಂಡಿ ತೋಡಿ, ಒಳಮೈ ಮೇಲಕ್ಕೆ ಬರುವ ಹಾಗೆ ಜೋಡಿಸಿ ಮಣ್ಣು ಮುಚ್ಚಿ, ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ಡ್ರಿಪ್ ಹಾಕಿಸಿ. ಆಟೋ ಸ್ಟಾರ್ಟರ್ ತೆಗೆಸಿ, ಇದೇ ಕಷ್ಟ, ರಾತ್ರಿ ಎದ್ದು ಹೋಗಬೇಕಾಗುತ್ತದೆ. ನಮ್ಮ ಮೋಟಾರು 2,200 ಯೂನಿಟ್ಟಿನಿಂದ 1,000ಕ್ಕೆ ಇಳಿದದ್ದು ಇಷ್ಟರಿಂದಲೇ.

ಇನ್ನೊಂದು ಪುಸ್ತಕ, ಜೀವಗಳದ್ದು

ಗಾಳಿಯ ಲೆಕ್ಕ ಸರಿಯಾದರೆ ಸಾಕಾಗುವುದಿಲ್ಲ. 3 ಎಕರೆಗೂ ನೀಲಗಿರಿ ನೆಟ್ಟರೆ ಬಲಗಡೆ ಪುಟ ತುಂಬಿಬಿಡುತ್ತದೆ, ಹಕ್ಕಿ ಬರುವುದಿಲ್ಲ, ಊಟವೂ ಇಲ್ಲ. ಅದಕ್ಕೆ ಎರಡನೇ ಪುಸ್ತಕ.

ಇದರಲ್ಲಿ ಮೂರೇ ಪರೀಕ್ಷೆ. ಒಂದು, ಎರಡೂ ಕಡೆ ಬಾಯಿ ಕತ್ತರಿಸಿದ ಹಾಲಿನ ಪುಡಿ ಡಬ್ಬಿಯನ್ನು ಮಣ್ಣಿಗೆ ಎರಡು ಬೆರಳು ಇಳಿಯುವಷ್ಟು ಒತ್ತಿ, ಒಂದು ಲೀಟರ್ ನೀರು ಸುರಿದು, ಇಂಗಲು ಎಷ್ಟು ನಿಮಿಷ ಬೇಕು ನೋಡುವುದು. ನಮ್ಮಲ್ಲಿ ಮೊದಲು ಅರ್ಧ ಗಂಟೆ ದಾಟಿತ್ತು, ಕಳೆದ ವರ್ಷ 11 ನಿಮಿಷ. ಎರಡು, ಸೆಪ್ಟೆಂಬರ್‌ನಲ್ಲಿ ಮಳೆಯ ಮಾರನೇ ದಿನ ಒಂದಡಿ ಉದ್ದ ಅಗಲ ಆಳ ಮಣ್ಣು ತೋಡಿ ಗೋಣಿಚೀಲದ ಮೇಲೆ ಹರಡಿ ಎರೆಹುಳು ಎಣಿಸುವುದು. ಮೊದಲ ಸಲ ಸೊನ್ನೆ. ಕಳೆದ ವರ್ಷ 7.

ಮೂರನೆಯದು ನನಗೆ ಇಷ್ಟದ್ದು. ತಿಂಗಳಿಗೊಂದು ಬೆಳಗ್ಗೆ, ಒಂದೇ ಜಾಗದಲ್ಲಿ, ಬದುವಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತು ಕಂಡದ್ದನ್ನು ಬರೆಯುವುದು. ಹುಚ್ಚೆಳ್ಳು ಹೂ ಬಿಟ್ಟಾಗ ತುಡುವೆ ಜೇನು ಎಷ್ಟು, ಕೋಲು ಜೇನು ಎಷ್ಟು. ಹೊಂಗೆ ಹೂವಿಗೆ ಯಾವುದು ಬಂತು. ಮೂರನೇ ವರ್ಷ ಹಳ್ಳದ ಕಡೆಯ ಜಾಲಿಗೆ ಗೀಜಗ ಗೂಡು ಕಟ್ಟಿದವು. ನವಿಲೂ ಬಂದವು, ಅದನ್ನೂ ಬರೆದಿದ್ದೇನೆ, ಅವು ಕಿತ್ತು ತಿಂದ ಅವರೆ ಮೊಳಕೆಯ ಸಾಲುಗಳನ್ನೂ. ಒಂದು ಸಾಲು ಜಾಸ್ತಿ ಬಿತ್ತುವುದು ಬಿಟ್ಟು ಬೇರೆ ಉಪಾಯ ನನಗಂತೂ ಹೊಳೆದಿಲ್ಲ.

ಬಾಕಿ

ಮಣ್ಣಿನ ಜಮಾ ಬರೆಯುವುದಕ್ಕೆ ಮಣ್ಣು ಆರೋಗ್ಯ ಚೀಟಿ ಬೇಕು. ಅದರಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತದೆ. ನೂರಕ್ಕೆ 0.5ಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 0.75 ದಾಟಿದರೆ ಜಾಸ್ತಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಈ ಅಂಕಿ 0.1 ಏರಿದರೆ ಗಾಳಿಯಿಂದ 3 ಟನ್ ಕಾರ್ಬನ್ ಡೈಆಕ್ಸೈಡ್ ಇಳಿದು ಕೂತ ಹಾಗೆ. ಮರಕ್ಕಿಂತ ದೊಡ್ಡ ಖಜಾನೆ ಇದು. ಆದರೆ ಏರುವುದು ತುಂಬ ನಿಧಾನ, ಪ್ರತಿ ಸಲ ಒಂದೇ ತಿಂಗಳಲ್ಲಿ, ಹೊಲದ ಅದೇ ಜಾಗಗಳಿಂದ ಮಾದರಿ ತೆಗೆಯದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ತಿಪ್ಪೆ ಸುರಿದ ಜಾಗದ ಮಣ್ಣು ಕೊಟ್ಟು ಖುಷಿಪಡಬೇಡಿ. ನಮ್ಮದು 2016ರಲ್ಲಿ 0.38, 2024ರಲ್ಲಿ 0.52. ಮೂರೂ ಎಕರೆಗೆ 8 ವರ್ಷದಲ್ಲಿ 13 ಟನ್, ವರ್ಷಕ್ಕೆ 1,630 ಕೆಜಿ. ಬದುವಿನಲ್ಲಿ ಉಳಿದ ಮರ 110, ಅದರ ಜಮಾ 990. ಒಟ್ಟು 2,620.

ಎಡಗಡೆ: ತೋಟಕ್ಕೆ ಒಂದು ಚೀಲ ಯೂರಿಯಾ 120, ಡೀಸೆಲ್ 80, ಕರೆಂಟ್ 700, ಒಂದು ಹಸು 1,560, ಒಂದು ಕಡಸು 730. ಒಟ್ಟು 3,190.

570 ಕೆಜಿ ಬಾಕಿ. ಯಜಮಾನರು ಪುಸ್ತಕ ನೋಡಿ, "ಕಡಸು ಮಾರಿದರೆ ಆಯ್ತಲ್ಲ" ಅಂದರು. ಅತ್ತೆ ಒಳಗಿನಿಂದಲೇ, "ಗೌರೀನ ಮಾರಿ ಲೆಕ್ಕ ಸರಿ ಮಾಡ್ಕೋತೀರಾ?" ಅಂತ ಕೂಗಿದರು. ಆ ಮಾತು ಅಲ್ಲಿಗೆ ಮುಗಿಯಿತು. ಗೌರಿ ಕರು ಹಾಕಿದರೆ ಬಾಕಿ ಇನ್ನೂ ಬೆಳೆಯುತ್ತದೆ, ಅದೂ ನನಗೆ ಗೊತ್ತು.

570ನ್ನು 9ರಿಂದ ಭಾಗಿಸಿದರೆ 63 ಮರ. ಸಾಯುವುದನ್ನೂ ಸೇರಿಸಿ ಹಿತ್ತಲಲ್ಲಿ 100 ಕವರಿಗೆ ಹೊಂಗೆ ಬೀಜ ಹಾಕಿದ್ದೇನೆ. 81 ಒಡೆದಿವೆ. ಬೆಳಗ್ಗೆ ಅಕ್ಕಿ ತೊಳೆದ ನೀರನ್ನು ಅತ್ತೆ ಈಗ ಯಾರಿಗೂ ಚೆಲ್ಲಲು ಬಿಡುವುದಿಲ್ಲ.